ಇಂಟರ್ವಲ್ಲಿನ ಆಚೆ ಈಚೆ

ಸಂಜೆ ಏಳಾದರೆ ದುಗ್ಗಮ್ಮನ ಬಾಣಲೆಯ ಸುತ್ತ ನಾವು.
ಮಂಡಕ್ಕಿಗೆ ಈರುಳ್ಳಿ ಬೀಳುವ ಮೊದಲೇ
ಕೊಟ್ರಪ್ಪ ಶುರು ಹಚ್ಚಿಕೊಂಡಿರುತ್ತಾನೆ:
"ಈಗಿನವೂ ಸಿನಿಮಾನೇನಲೇ?
ಹೀರೋ ಬರಾಕೇ ಅರ್ಧ ತಾಸು.
ಹೊಗೆ, ಧೂಳು, ನಿಧಾನಕ್ಕೆ ಒಂದು ಬೂಟು,
ಆಮೇಲೆ ಇನ್ನೊಂದು ಬೂಟು.
ನಮ್ಮ ಕಾಲದಾಗ ಬಾಗಿಲು ದೂಡಿ ಒಳಗ ಬರ್ತಿದ್ದ,
ಅವ್ವಾ, ಹಸಿವಾಗೈತಿ ಅಂತಿದ್ದ.
ಮುಗೀತು. ಅವನೇ ಹೀರೋ."

ಅಜ್ಜಯ್ಯ ನಗುತ್ತಾನೆ. ಹೆಸರು ಅಜ್ಜಯ್ಯ, ವಯಸ್ಸು ಇಪ್ಪತ್ತೆರಡು,
ಉಕ್ಕಡಗಾತ್ರಿಗೆ ಹರಕೆ ಹೊತ್ತು ಹುಟ್ಟಿದ ಹುಡುಗ.
"ಹಸಿವಾಗೈತಿ ಅಂದ್ರೆ ವಿಸಿಲ್ ಹೊಡೀತಿದ್ರಾ ಕಾಕಾ?"
"ಹೊಡೀತಿದ್ವಿ. ನಮಗೂ ಹಸಿವಾಗಿರ್ತಿತ್ತು."

ಹೀಗೇ ಒಂದು ದಿನ ಆ ಸಿನಿಮಾದ ಮಾತು ಬಂತು.
ಹೆಸರು ಯಾರಿಗೂ ನೆನಪಿಲ್ಲ.
ನಾಯಕಿ ಬಾವಿಕಟ್ಟೆಯ ಮೇಲೆ ಕೂತು
ಬಳೆ ಎಣಿಸುತ್ತಾಳಲ್ಲ, ಅದು.
"ಕೆಂಪು ಸೀರೆ" ಅಂದ ಕೊಟ್ರಪ್ಪ.
ಹಸಿರು, ಅಂದೆ ನಾನು.
ಮಾತು ಬೆಳೆಯಿತು, ಮಿರ್ಚಿ ಆರಿತು,
ಬಾವಿ ಬಳೆ ಅಂತೇನೋ ಬೆರಳಾಡಿಸಿ
ಅಜ್ಜಯ್ಯ ಫೋನು ನಮ್ಮ ಮುಂದೆ ಹಿಡಿದ:
ಕಪ್ಪು ಬಿಳುಪು.
ಆ ಬೂದು ಸೀರೆಯನ್ನೇ ಇಬ್ಬರೂ ಒಂದಿಷ್ಟು ಹೊತ್ತು ನೋಡಿದೆವು.
"ಫೋನು ಹಳೇದಿರಬೇಕು" ಅಂದ ಕೊಟ್ರಪ್ಪ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ.
"ಏನೇ ಆಗ್ಲಿ, ಆಕೀನ ಬಿಟ್ಟು ಹೋಗಬಾರದಾಗಿತ್ತು ಅವ."
"ಎಲ್ಲಿ ಬಿಟ್ಟ? ಕಡೀಗೆ ಮದುವಿ ಆಕ್ಕಾನಲ್ಲೋ."
ಅವನ ಕೈ ಮಂಡಕ್ಕಿಯಲ್ಲೇ ನಿಂತಿತು.
"ಆಕ್ಕಾನಾ?"

ಇಷ್ಟು ವರ್ಷದ ಗೆಳೆತನ, ಆವತ್ತು ತಿಳಿಯಿತು.
ಅವನದು ಹತ್ತಿಮಿಲ್ಲಿನ ಮೂರನೇ ಪಾಳಿ.
ಸೆಕೆಂಡ್ ಶೋದ ಇಂಟರ್ವಲ್ಲಿಗೆ ಸರಿಯಾಗಿ ಸೈರನ್ನು.
ಹರಿದ ಟಿಕೆಟ್ಟು ಜೇಬಲ್ಲಿಟ್ಟು ಸೈಕಲ್ ಹತ್ತುತ್ತಿದ್ದ,
ರಾತ್ರಿಯೆಲ್ಲ ಕಡಿದ ಎಳೆಗೆ ಗಂಟು ಹಾಕುತ್ತ
ಉಳಿದ ಕತೆಗೂ ತಾನೇ ಗಂಟು ಹಾಕುತ್ತಿದ್ದನಂತೆ.
"ನನ್ನ ನೂಲಿನಾಗ ಬಾಳ ಮಂದಿ ಸತ್ತಾರೆ" ಅಂದ, ಮೆಲ್ಲಗೆ.

ನಾನೋ ದುಡ್ಡಿಲ್ಲದ ಹುಡುಗ.
ಕೊನೆಯ ಕಾಲು ಗಂಟೆಗೆ ಗೇಟು ತೆಗೆದಿಡುತ್ತಿದ್ದರು,
ಗೇಟಿನ ಚಮನ್‌ಸಾಬ್ ಬೀಡಿ ಹಚ್ಚಲು ತಿರುಗಿದರೆ
ಹತ್ತು ಜನ ಒಳಗೆ.
ನೂರಾರು ಮದುವೆ ನೋಡಿದೆ, ಒಂದು ಪ್ರೇಮವನ್ನೂ ನೋಡಲಿಲ್ಲ.
ಪೊಲೀಸರು ಬಂದದ್ದು ಗೊತ್ತು, ಕಳುವಾದದ್ದೇನೋ ಗೊತ್ತಿಲ್ಲ.
ಯಾರೋ ಯಾರದೋ ಕಾಲು ಹಿಡಿದು ತಪ್ಪಾಯ್ತು ಅಂದರೆ
ಏನು ತಪ್ಪೆಂದು ತಿಳಿಯದೆಯೇ
ಕತ್ತಲಲ್ಲಿ ನಿಂತು ಗೊಳೋ ಅಂತ ಅಳುತ್ತಿದ್ದೆ.

"ಬಾವಿಕಟ್ಟಿ ಎರಡು ಸಲ ಬರತೈತಿ" ಅಂದಳು ದುಗ್ಗಮ್ಮ,
ಜಾಲರಿಯಿಂದ ಎಣ್ಣೆ ಬಸಿಯುತ್ತ.
"ಮೊದಲು ಕೈ ತುಂಬ ಬಳಿ. ಕಡೀಗೆ ನಾಕೇ ನಾಕು."
ನೀನು ನೋಡೀಯಾ?
"ನಾ ಎಲ್ಲಿ ನೋಡ್ಲಿ. ಟಾಕೀಸಿನ ಹಿಂದಿನ ಗ್ವಾಡಿಗೇ ನನ್ನ ಒಲಿ ಇತ್ತು.
ದಿನಕ್ಕೆ ನಾಕು ಆಟ, ಬರೇ ಕಿವಿ."
ಮತ್ತೆ, ನಡುವೆ?
"ನಡುವ ಆಕಿ ಒಬ್ಬಾಕಿನೇ ಕೆಮ್ಮತಿದ್ಲು.
ಮಳಿ. ಯಾರೋ ಬಾಗಿಲು ಬಡೀತಿದ್ರು, ಬಾಳ ಹೊತ್ತು.
ಆಕಿ ತೆಗೀಲಿಲ್ಲ."
ಬಾಣಲೆಯಲ್ಲಿ ಇನ್ನೊಂದು ಮೆಣಸಿನಕಾಯಿ ಚುರ್ ಅಂದಿತು.

ಎಲ್ಲವನ್ನೂ ಓಡಿಸಿ ಓಡಿಸಿ ನೋಡುವ ಅಜ್ಜಯ್ಯ
ಅವತ್ತು ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ.
"ಓಡಿಸಲ್ಲ ಕಾಕಾ. ಮೊದಲಿಂದ."
ಮೊದಲಿಂದ! ಅವಳ ತಂದೆಯ ಮುಖವನ್ನು
ನಾನು ಮೊದಲ ಸಲ ನೋಡಿದೆ. ಎಷ್ಟು ಎಳೆಯವನು.
ದುಗ್ಗಮ್ಮ ನಮಗೆ ಬೆನ್ನು ಮಾಡಿ ಕರಿಯುತ್ತಲೇ ಇದ್ದಳು,
ಎಲ್ಲಿ ನಗಬೇಕೋ ಅಲ್ಲಿ ನಮಗಿಂತ ಮೊದಲೇ ನಕ್ಕಳು.

ತೆರೆಯ ಮೇಲೆ ವಿರಾಮ ಅಂತ ಬಂತು.
ಕೊಟ್ರಪ್ಪ ಎದ್ದು ನಿಂತ.
ಕೈ ಜೇಬಲ್ಲಿ ಏನೋ ತಡಕುತ್ತಿತ್ತು, ಸೈಕಲ್ಲಿನ ಕೀಲಿಯಿರಬೇಕು.
ಮಿಲ್ಲಿನ ಚಿಮಣಿ ಬಿದ್ದೇ ಎಷ್ಟೋ ಕಾಲ.

"ಕುಂದ್ರು" ಅಂದಳು ದುಗ್ಗಮ್ಮ, ತಿರುಗದೆ.
ಕೂತ.
ಚಪ್ಪಲಿ ಮಾತ್ರ ಮೆಟ್ಟಿಕೊಂಡೇ ಕೂತ.